ಗುಮ್ಮಟದಲ್ಲಿ ಕೂಗುವವರಿಗೊಂದು ಪತ್ರ

ವಿಜಯಪುರಕ್ಕೆ ಬಂದು, ಗೋಳಗುಮ್ಮಟದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಲೇ 'ಓ...' ಅಂತ ಕೂಗುವ ಎಲ್ಲರಿಗೂ ಮೈಸೂರಿನವಳೊಬ್ಬಳ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ನಾನೂ ಕೂಗಿದವಳೇ. ಏಳನೇ ಕ್ಲಾಸಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಾಗ ಎರಡು ಬಸ್ಸಿನ ಮಕ್ಕಳು ಒಟ್ಟಿಗೆ ಮೇಲೆ ಹತ್ತಿ ಗಂಟಲು ಹರಿಯುವ ಹಾಗೆ ಕೂಗಿದ್ದೆವು. ನನ್ನ ಹೆಸರು ಏಳು ಸಲ ವಾಪಸ್ ಬರುತ್ತಾ ಅಂತ ಎಣಿಸಲು ಹೋಗಿ ಎರಡಕ್ಕೇ ಲೆಕ್ಕ ತಪ್ಪಿತ್ತು. ಪಕ್ಕದಲ್ಲಿದ್ದ ಮಕ್ಕಳೆಲ್ಲ ಅವರವರ ಹೆಸರನ್ನು ಕೂಗುತ್ತಿದ್ದರು, ನನ್ನದು ಅದರಲ್ಲಿ ಎಲ್ಲೋ ಕಳೆದುಹೋಯಿತು. ಮುಕ್ಕಾಲು ಗಂಟೆಯಲ್ಲಿ ಕೆಳಗಿಳಿದು, ಡಬ್ಬಿಯ ಪುಳಿಯೋಗರೆ ತಿಂದು, ಬಸ್ಸು ಹತ್ತಿ ಬಾದಾಮಿಗೆ ಹೊರಟೆವು. ಬಿಜಾಪುರ ನೋಡಿದ್ದಾಯಿತು ಅಂತ ಮೂವತ್ತು ವರ್ಷ ನಂಬಿಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಆ ನಂಬಿಕೆ ಹೋಯಿತು. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಗೆಳತಿ ಈಗ ವಿಜಯಪುರದಲ್ಲಿ ಸರ್ಕಾರಿ ಶಾಲೆಯ ಟೀಚರ್. 'ಬಾ, ಬಾ' ಅಂತ ಕರೆದು ಕರೆದು ಸಾಕಾಗಿ, ಕೊನೆಗೆ 'ನೀ ಇನ್ನ ಬರೂದೇ ಬ್ಯಾಡ ಬಿಡು' ಅಂತ ಸಿಟ್ಟಾದಳು. ಅದಕ್ಕೇ ಹೊರಟೆ. ಹೋಗುವ ರೈಲಿಗೂ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಅಂತಲೇ ಹೆಸರು. ರಾತ್ರಿ ಮಲಗಿ ಎದ್ದರೆ ಊರಿನ ಬಣ್ಣವೇ ಬೇರೆ. ಕಪ್ಪು ಮಣ್ಣು, ಬಿಳಿಜೋಳದ ಹೊಲ, ಆಲಮಟ್ಟಿ ಹತ್ತಿರ ಕೃಷ್ಣೆಯ ಅಗಲವಾದ ನೀರು. ಆಮೇಲೆ ತುಂಬಾ ಹೊತ್ತು ಬರೀ ಬಯಲು. ಆ ಬಯಲಿನ ತುದಿಯಲ್ಲಿ ಯಾರೋ ಬೋಗುಣಿ ಮಗುಚಿಟ್ಟ ಹಾಗೆ ಗುಮ್ಮಟ.

ಸ್ಟೇಷನ್ನಿನಿಂದ ಅದು ಕೂಗಳತೆಯ ದೂರ. ಇವತ್ತೇ ಹೋಗೋಣ್ವಾ ಅಂತ ಕೇಳಿದೆ. ಗೆಳತಿ ನನ್ನ ಚೀಲ ಕಿತ್ತುಕೊಂಡು ಆಟೋದಲ್ಲಿ ಹಾಕಿದಳು. 'ಅದೇನ್ ಓಡಿ ಹೋಗತೈತೇನು? ಮುನ್ನೂರಾ ಅರವತ್ತು ವರ್ಷದ ಮ್ಯಾಲಾತು, ಅಲ್ಲೇ ನಿಂತೈತಿ. ಮೊದಲ ಉಣ್ಣು ನಡಿ' ಅಂದಳು.

ಮನೆಯಲ್ಲಿ ಅವಳ ಅಮ್ಮ ರೊಟ್ಟಿ ಬಡಿಯುತ್ತಿದ್ದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೂರನೇ ರೊಟ್ಟಿಗೆ ಸಾಕು ಅಂದೆ. 'ಮೈಸೂರ ಹೊಟ್ಟಿ ಇಷ್ಟಽ ಏನವಾ?' ಅಂತ ನಾಲ್ಕನೆಯದನ್ನೂ ಹಾಕಿದರು. ಊಟ ಮುಗಿದ ಮೇಲೆ ಗೆಳತಿ ತನ್ನ ಯೋಜನೆ ಹೇಳಿದಳು. ಗುಮ್ಮಟ ಕೊನೆಗೆ, ಮೂರನೇ ದಿನ ಬೆಳಿಗ್ಗೆ. ಅದಕ್ಕೂ ಮೊದಲು ಊರು.

'ಎಲ್ಲಾರೂ ಗುಮ್ಮಟಕ್ಕ ಬರ್ತಾರ, ಒದರ್ತಾರ, ಹೋಗ್ತಾರ. ಊರಿಗೆ ಯಾರ ಬರ್ತಾರಲೇ?' ಅಂತ ಕೇಳಿದಳು. ಈ ಪತ್ರ ಬರೆಯಲು ಆ ಮಾತೇ ಕಾರಣ. ಇದನ್ನು ಯಾವ ಇಲಾಖೆಗೂ ಬರೆಯುತ್ತಿಲ್ಲ. ಇಲಾಖೆಗಳಿಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಬಂದು ಹೋಗುವ ನಮಗೆ ಬರೆಯುವವರು ಕಡಿಮೆ.

ಅವಳು ಮೊದಲು ಕರೆದುಕೊಂಡು ಹೋಗಿದ್ದು ಒಂದು ಬಾವಿಗೆ. ಬಾವಿ ಅಂದರೆ ನಮ್ಮ ಹಿತ್ತಲ ಬಾವಿ ಅಂದುಕೊಳ್ಳಬೇಡಿ. ತಾಜ್ ಬಾವಡಿ ಒಂದೊಂದು ಬದಿಗೂ 223 ಅಡಿ ಇರುವ ಚೌಕ, ಆಳ 52 ಅಡಿ. ಎದುರಿಗೆ ಕೋಟೆಬಾಗಿಲಿನಂಥ ದೊಡ್ಡ ಕಮಾನು, ಅದರ ಎರಡೂ ಪಕ್ಕ ಎಂಟು ಮೂಲೆಯ ಗೋಪುರ. 1620ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ರಾಣಿ ತಾಜ್ ಸುಲ್ತಾನಾ ಹೆಸರಿನಲ್ಲಿ ಕಟ್ಟಿದ್ದು. ಎರಡು ಬದಿಯಲ್ಲಿ ದಾರಿಹೋಕರು ತಂಗಲು ಕೋಣೆಗಳಿದ್ದವು. ಯೋಚಿಸಿ ನೋಡಿ, ಬಿಸಿಲಲ್ಲಿ ದಿನಗಟ್ಟಲೆ ನಡೆದು ಬಂದವನಿಗೆ ಊರು ಮೊದಲು ಕೊಡುತ್ತಿದ್ದದ್ದು ನೀರು ಮತ್ತು ನೆರಳು.

ನಾನು ಫೋಟೋ ತೆಗೆಯುತ್ತಿದ್ದೆ. ಗೆಳತಿಯ ಅಮ್ಮನೂ ಜೊತೆಗೆ ಬಂದಿದ್ದರು. ಅವರು ಮೆಟ್ಟಿಲ ಮೇಲೆ ಕೂತು, 1972ರ ಬರಗಾಲದಲ್ಲಿ ಕೊಡ ಹೊತ್ತು ಅಲೆದದ್ದನ್ನು ಹೇಳತೊಡಗಿದರು. 'ಆವಾಗ ಅರಸರು ಯಾರು, ಯಾವ ಜಾತಿ ಅಂತ ಯಾರೂ ಕೇಳಲಿಲ್ಲವಾ. ಬಾವ್ಯಾಗ ನೀರ ಐತೇನು ಅಂತ ಅಷ್ಟಽ ಕೇಳತಿದ್ವಿ' ಅಂದರು. ನಾನು ಫೋನ್ ಕೆಳಗಿಟ್ಟೆ. ನಡುವೆ ಬಹಳ ವರ್ಷ ಈ ಬಾವಡಿ ಹೂಳು, ಕಸ ತುಂಬಿ ಹಾಳಾಗಿತ್ತು. ಕೆಲವು ವರ್ಷಗಳ ಹಿಂದೆ ಹೂಳು ತೆಗೆದಿದ್ದಾರೆ. ದಯವಿಟ್ಟು ಬಿಸ್ಕತ್ತಿನ ಕವರ್ ಅದರೊಳಗೆ ಎಸೆಯಬೇಡಿ. ನಾನು ನೋಡನೋಡುತ್ತಲೇ ಒಬ್ಬರು ಎಸೆದರು. ಗಾಳಿಗೆ ತೇಲಿ ತೇಲಿ ಕೆಳಗಿಳಿಯುವ ತನಕ ಅದನ್ನೇ ನೋಡುತ್ತಾ ನಿಂತಿದ್ದರು, ಏನೋ ಗಾಳಿಪಟ ಬಿಟ್ಟ ಹಾಗೆ.

ಈ ಊರಿನ ನೀರಿನ ಕತೆ ನನಗೆ ಗುಮ್ಮಟಕ್ಕಿಂತ ದೊಡ್ಡದು ಅನ್ನಿಸಿತು. ಮಳೆ ಕಡಿಮೆ, ಹತ್ತಿರ ನದಿ ಇಲ್ಲ. ಆದರೂ ಆದಿಲ್‌ಶಾಹಿಗಳು ಇಲ್ಲೇ ರಾಜಧಾನಿ ಮಾಡಿಕೊಂಡರು. ಪಶ್ಚಿಮದ ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಅದಕ್ಕೆ ಕರೇಜ್ ಅನ್ನುತ್ತಾರೆ, ಪರ್ಷಿಯಾದ ವಿದ್ಯೆ. ದಕ್ಷಿಣಕ್ಕೆ ಬೇಗಂ ತಲಾಬ್ ಅನ್ನುವ ಕೆರೆಯನ್ನು 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹಿ ಕಟ್ಟಿಸಿದ. ಅಲ್ಲಿಂದ ಊರಿಗೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ಗೋಪುರಗಳಿವೆ, ಗಂಜ್ ಅಂತ ಹೆಸರು. ನೀರಿನ ಒತ್ತಡ ಜಾಸ್ತಿಯಾಗಿ ಕೊಳವೆ ಒಡೆಯಬಾರದು, ಬಂದ ಕೆಸರು ತಳದಲ್ಲಿ ನಿಲ್ಲಬೇಕು ಅಂತ ಆ ಏರ್ಪಾಡು. ಈಗ ಒಂದು ಗಂಜ್‌ನ ಪಕ್ಕ ಚಹಾದ ಗಾಡಿ, ಇನ್ನೊಂದಕ್ಕೆ ಒರಗಿ ಸೈಕಲ್. ಅದು ಏನು ಅಂತ ಚಹಾದವರನ್ನು ಕೇಳಿದೆ. 'ಹಳೇದ್ರೀ' ಅಂದರು. ತಪ್ಪಲ್ಲ ಬಿಡಿ.

ಇಬ್ರಾಹಿಂ ರೋಜಾಕ್ಕೆ ಸಂಜೆ ಹೋದೆವು. ಗುಮ್ಮಟಕ್ಕೆ ಬಂದವರಲ್ಲಿ ತುಂಬಾ ಜನ ಇಲ್ಲಿಗೆ ಬರುವುದಿಲ್ಲ. ನಷ್ಟ ಅವರದೇ. ಒಂದೇ ಜಗಲಿಯ ಮೇಲೆ ಎದುರುಬದುರು ಗೋರಿ ಮತ್ತು ಮಸೀದಿ, ನಡುವೆ ಕೊಳ. ರಾಣಿ ತಾಜ್ ಸುಲ್ತಾನಾಗೆಂದು ಶುರುವಾದ ಕಟ್ಟಡ. ಆದರೆ 1627ರಲ್ಲಿ ಮೊದಲು ಹೋದವನು ಅವಳ ಗಂಡ. ಈಗ ಇಬ್ಬರೂ ಅಲ್ಲೇ ಇದ್ದಾರೆ. ಇದನ್ನೂ ಆ ಬಾವಡಿಯನ್ನೂ ಕಟ್ಟಿಸಿದವನು ವಾಸ್ತುಶಿಲ್ಪಿ ಮಲಿಕ್ ಸಂದಲ್. ತಾಜ್‌ಮಹಲಿಗೆ ಇದೇ ಮಾದರಿ ಅಂತ ಹೇಳುವವರಿದ್ದಾರೆ. ಇರಬಹುದು, ಇಲ್ಲದಿರಬಹುದು. ನನಗೆ ಆ ಹೋಲಿಕೆಯೇ ಬೇಡ ಅನ್ನಿಸಿತು. ಇಲ್ಲಿನ ಕಿಟಕಿಗಳನ್ನು ನೋಡಿ ಸಾಕು. ಕಲ್ಲಿನ ಜಾಲರಿ, ಆದರೆ ಜಾಲರಿಯ ಎಳೆಗಳು ಹೂಬಳ್ಳಿಯಲ್ಲ, ಅಕ್ಷರಗಳು. ಅಕ್ಷರದ ಸಂದಿಯಲ್ಲಿ ಬೆಳಕು ಒಳಗೆ ಬರುತ್ತದೆ.

ಆ ಇಬ್ರಾಹಿಂ ಸಂಗೀತದ ಹುಚ್ಚ. ದಖನಿ ಭಾಷೆಯಲ್ಲಿ ತಾನೇ ಹಾಡು ಕಟ್ಟಿ, ಗಣಪತಿಯನ್ನು ತಂದೆ, ಸರಸ್ವತಿಯನ್ನು ತಾಯಿ ಅಂತ ಕರೆದುಕೊಂಡವನು. ಜನ ಅವನನ್ನು ಜಗದ್ಗುರು ಬಾದಶಹ ಅಂದರು. ಸಂಗೀತಗಾರರಿಗೆಂದು ತೊರವಿಯ ಹತ್ತಿರ ನವರಸಪುರ ಅಂತ ಒಂದು ಊರನ್ನೇ ಕಟ್ಟಲು ಹೊರಟಿದ್ದ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಮಾಡಿತು. ಅಲ್ಲಿ ಸಂಗೀತ ಮಹಲಿನ ಗೋಡೆಗಳು ಇನ್ನೂ ನಿಂತಿವೆ. ಏಳನೇ ಕ್ಲಾಸಿನಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ನಾನು ಅಷ್ಟು ಕೂಗುತ್ತಿರಲಿಲ್ಲವೇನೋ. ಇಲ್ಲ, ಆಗಲೂ ಕೂಗುತ್ತಿದ್ದೆ.

ಮಾರನೇ ದಿನ ಟಾಂಗಾ ಮಾಡಿಕೊಂಡೆವು. ಟಾಂಗಾಗಳು ಈಗ ಕಡಿಮೆಯಾಗಿವೆ, ಸಿಕ್ಕರೆ ಬಿಡಬೇಡಿ. ಕುದುರೆಯ ನಡಿಗೆಗೆ ಈ ಊರು ಸರಿಯಾಗಿ ಕಾಣುತ್ತದೆ. ಕೋಟೆಯ ಗೋಡೆ ಒಡೆದ ಕಡೆ ಮನೆ, ಮನೆ ಮುಗಿದ ಕಡೆ ಗೋರಿ, ಗೋರಿಯ ನೆರಳಲ್ಲಿ ಮೇಕೆ. ಗಗನ ಮಹಲಿನ ದೊಡ್ಡ ಕಮಾನಿನ ಕೆಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. 1686ರಲ್ಲಿ ಔರಂಗಜೇಬ ಊರು ಗೆದ್ದಾಗ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿ ಹಾಕಿ ಅವನ ಮುಂದೆ ತಂದದ್ದು ಇಲ್ಲೇ ಅಂತ ಹೇಳುತ್ತಾರೆ. ಚೆಂಡು ನಮ್ಮ ಕಾಲ ಬಳಿ ಬಂತು. ಗೆಳತಿ ಅದನ್ನು ಎತ್ತಿ ಎಸೆದಳು. ಹುಡುಗನೊಬ್ಬ ಅವಳ ಶಾಲೆಯವನಂತೆ, ನಾಚಿಕೊಂಡು 'ನಮಸ್ಕಾರ ಟೀಚರ್' ಅಂದ. ಪ್ರವಾದಿಯ ಕೂದಲು ಇಟ್ಟಿದ್ದಾರೆ ಅನ್ನುವ ಆಸಾರ್ ಮಹಲಿನಲ್ಲಿ ಹೆಂಗಸರು ಒಳಗೆ ಹೋಗುವ ವಾಡಿಕೆ ಇಲ್ಲ. ನಾವು ಹೊರಗೆ ಕೊಳದ ಪಕ್ಕ ಕೂತು ಶೇಂಗಾ ತಿಂದೆವು. ಜಾಮಿಯಾ ಮಸೀದಿಯ ನೆಲದಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ 2,250ರಷ್ಟು ಜಾಗ ಗೆರೆ ಹಾಕಿ ಗುರುತು ಮಾಡಿದ್ದಾರೆ. ಅಷ್ಟು ದೊಡ್ಡ ಜಾಗದಲ್ಲಿ ಆವತ್ತು ನಾವು, ಒಬ್ಬ ಅಜ್ಜ, ಒಂದಿಷ್ಟು ಪಾರಿವಾಳ.

ಬಾರಾ ಕಮಾನ್ ಬಗ್ಗೆ ಒಂದು ಮಾತು. ಎರಡನೇ ಅಲಿ ಆದಿಲ್‌ಶಾಹಿಯ ಗೋರಿ, ಮೇಲ್ಛಾವಣಿ ಇಲ್ಲದೆ ಅರ್ಧಕ್ಕೇ ನಿಂತದ್ದು. ಕಮಾನುಗಳ ಸಾಲು ಮಾತ್ರ ಆಕಾಶಕ್ಕೆ ಒಡ್ಡಿಕೊಂಡಿದೆ. ಇದು ಪೂರ್ತಿಯಾದರೆ ನೆರಳು ತನ್ನ ಗೋರಿಯಾದ ಗೋಳಗುಮ್ಮಟದ ಮೇಲೆ ಬೀಳುತ್ತದೆ ಅಂತ ಅಪ್ಪನೇ ಮಗನ ಕೆಲಸ ನಿಲ್ಲಿಸಿದ ಅಂತ ಅಲ್ಲೊಬ್ಬರು ಜನ ಸೇರಿಸಿಕೊಂಡು ಹೇಳುತ್ತಿದ್ದರು. ಅಪ್ಪ ಮೊಹಮ್ಮದ್ ತೀರಿಕೊಂಡದ್ದು 1656ರಲ್ಲಿ. ಮಗ ಅಲಿ ಬದುಕಿದ್ದು 1672ರವರೆಗೆ. ಸತ್ತ ಅಪ್ಪ ಹದಿನಾರು ವರ್ಷ ಕೆಲಸ ನಿಲ್ಲಿಸುವುದು ಹೇಗೆ? ಕತೆ ಚೆನ್ನಾಗಿದೆ, ಕೇಳಿ, ನಗಿ. ಮನೆಗೆ ಹೋಗಿ ಮಕ್ಕಳಿಗೆ ಚರಿತ್ರೆ ಅಂತ ಮಾತ್ರ ಹೇಳಬೇಡಿ.

ಹಾಗೇ ಇನ್ನೊಂದು. 'ಪ್ರಪಂಚದ ಎರಡನೇ ದೊಡ್ಡ ಗುಮ್ಮಟ' ಅಂತ ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. ಗೋಳಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ರೋಮಿನ ಪ್ಯಾಂಥಿಯನ್ ಇದಕ್ಕಿಂತ ಹದಿನೈದು ಶತಮಾನ ಹಳೆಯದು, ಅದು 43 ಮೀಟರ್. ಫ್ಲಾರೆನ್ಸಿನದೂ, ರೋಮಿನ ಸಂತ ಪೀಟರರದೂ ಇದಕ್ಕಿಂತ ದೊಡ್ಡವೇ. ಅದರಿಂದ ನಮ್ಮದಕ್ಕೆ ಏನೂ ಕಮ್ಮಿಯಾಗಲಿಲ್ಲ. ನಡುವೆ ಒಂದು ಕಂಬವೂ ಇಲ್ಲದೆ, ಒಂದರೊಳಗೊಂದು ಹೆಣೆದ ಎಂಟು ಕಮಾನುಗಳ ಮೇಲೆ, ಇಟ್ಟಿಗೆ ಮತ್ತು ಗಾರೆಯ ಸುಮಾರು 3 ಮೀಟರ್ ದಪ್ಪದ ಚಿಪ್ಪು ಇವತ್ತಿಗೂ ನಿಂತಿದೆ. ನಂಬರ್ ಯಾಕೆ ಬೇಕು?

ಸಂಜೆ ಮುಲುಕ್ ಮೈದಾನ ತೋಪು. ಮಲಿಕ್-ಎ-ಮೈದಾನ್, ಅಂದರೆ ಬಯಲಿನ ಒಡೆಯ. ಸುಮಾರು 55 ಟನ್ ತೂಕ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನೆ ಸಿಕ್ಕಿಹಾಕಿಕೊಂಡಿದೆ. 1854ರಲ್ಲಿ ಇಂಗ್ಲಿಷರು ಇದನ್ನು ಹರಾಜಿಗಿಟ್ಟಾಗ ಬಂದ ಹೆಚ್ಚಿನ ಸವಾಲು 150 ರೂಪಾಯಿ. ಯಾರಿಗೋ ನಾಚಿಕೆಯಾಗಿ ಮಾರಾಟ ರದ್ದಾಯಿತು. ನನ್ನ ಫೋನಿನ ಕವರ್‌ಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೇನೆ. ಉಪ್ಲಿ ಬುರುಜಿನ ಸುತ್ತುಮೆಟ್ಟಿಲು ಹತ್ತಿ ಮೇಲೆ ನಿಂತರೆ ಇಡೀ ಊರು ಕಾಣುತ್ತದೆ. ಆವತ್ತು ಭಾನುವಾರ. ಗೆಳತಿ ಪೂರ್ವದ ಕಡೆಯ ಗುಮ್ಮಟಕ್ಕೆ ಕೈ ತೋರಿಸಿ, 'ಈಗ ಅಲ್ಲಿ ಸಂತಿ' ಅಂದಳು.

ವಾಪಸ್ ಬರುವಾಗ ಗುಮ್ಮಟದ ಗೇಟಿನ ತನಕ ಹೋದೆವು. ಒಳಗೆ ನೂರಾರು ಜನ. ಶಿಳ್ಳೆ, ಚಪ್ಪಾಳೆ, ಯಾವುದೋ ಹುಡುಗಿಯ ಹೆಸರು, ಜೈಕಾರ, ಕೂಸುಗಳ ಅಳು. ಎಲ್ಲ ಕಲಸಿ ಒಂದೇ ಗದ್ದಲವಾಗಿ ಕೆಳಗೆ ಬರುತ್ತಿತ್ತು, ಗಿರಣಿಯ ಸದ್ದಿನಂತೆ. ಕೂಗುತ್ತಿದ್ದ ಯಾರಿಗೂ ತಮ್ಮ ಕೂಗು ಕೇಳಿಸುತ್ತಿರಲಿಲ್ಲ, ಖಂಡಿತ.

ಕೂಗುವವರ ಕೆಳಗೆ ಏನಿದೆ ಗೊತ್ತಾ? ನಡುವಿನ ಕಟ್ಟೆಯ ಮೇಲೆ ಗೋರಿಗಳಿವೆ. ಮೊಹಮ್ಮದ್ ಆದಿಲ್‌ಶಾಹಿ, ಅವನ ಹೆಂಡತಿಯರು, ರಂಭಾ ಅನ್ನುವ ನರ್ತಕಿ, ಮಗಳು, ಮೊಮ್ಮಗ. ಕಾಣುವವು ಗುರುತಿನ ಗೋರಿಗಳು, ನಿಜವಾದವು ಅದರ ಕೆಳಗೆ ನೆಲಮಾಳಿಗೆಯಲ್ಲಿ. ಇದು ಒಂದು ಮನೆಯವರೆಲ್ಲ ಮಲಗಿರುವ ಜಾಗ. ತಿಥಿಯ ಮನೆಗೆ ಹೋಗಿ ಯಾರಾದರೂ ಶಿಳ್ಳೆ ಹಾಕ್ತೀವಾ? ಅದೇ ಗೋಡೆಯ ಗಾರೆಯಲ್ಲಿ ಹೃದಯದ ಚಿತ್ರ ಬಿಡಿಸಿ ಎರಡು ಹೆಸರು ಕೊರೆಯುವವರಿಗೂ ಹೇಳಬೇಕು. ಸಂರಕ್ಷಿತ ಸ್ಮಾರಕವನ್ನು ಹಾಳುಮಾಡಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಕಾನೂನು ಇದೆ. ಪ್ರೀತಿಗೆ ಅಷ್ಟು ಖರ್ಚು ಬೇಡ. ಚಾಕ್‌ಪೀಸಿನಲ್ಲಿ ನಿಮ್ಮ ಮನೆಯ ಗೋಡೆಗೇ ಬರೆದುಕೊಳ್ಳಿ.

ಮೂರನೇ ದಿನ ಬೆಳಿಗ್ಗೆ ಕತ್ತಲಿರುವಾಗಲೇ ಗೆಳತಿ ಎಬ್ಬಿಸಿದಳು. ಬಾಗಿಲು ತೆಗೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಮೂಲೆಯ ಗೋಪುರದೊಳಗೆ ಸುತ್ತಿ ಸುತ್ತಿ ಏಳು ಅಂತಸ್ತು ಹತ್ತಬೇಕು. ಮೆಟ್ಟಿಲು ಎತ್ತರ, ಜಾಗ ಇಕ್ಕಟ್ಟು, ನಡುನಡುವೆ ಕಿಟಕಿಯಿಂದ ತಣ್ಣನೆ ಗಾಳಿ. ಮೇಲೆ ಬಂದರೆ ಹೊರಗೆ ಊರು ಆಗಷ್ಟೇ ಕಣ್ಣು ಬಿಡುತ್ತಿತ್ತು. ಒಲೆಗಳ ಹೊಗೆ, ಮಸೀದಿಗಳ ತುದಿ, ದೂರದಲ್ಲಿ ರೈಲಿನ ಕೂಗು.

ಸಣ್ಣ ಬಾಗಿಲು ದಾಟಿ ಗುಮ್ಮಟದ ಒಳಗಿನ ಗ್ಯಾಲರಿಗೆ ಹೋದೆವು. ಯಾರೂ ಇಲ್ಲ. ಗೆಳತಿ ಬಾಯಿ ಮೇಲೆ ಬೆರಳಿಟ್ಟು, ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ತಾನು ಗೋಡೆಗುಂಟ ನಡೆದು ಎದುರು ಬದಿಗೆ ಹೊರಟಳು. ಅವಳ ಚಪ್ಪಲಿಯ ಸದ್ದು ದೂರ ಹೋಗಲೇ ಇಲ್ಲ. ನನ್ನ ಪಕ್ಕದಲ್ಲೇ ಯಾರೋ ನಡೆಯುತ್ತಿದ್ದಾರೆ ಅನ್ನಿಸಿ ಎರಡು ಸಲ ತಿರುಗಿ ನೋಡಿದೆ. ನನ್ನ ಬಳೆಯ ಸದ್ದು ಒಂದು ಸುತ್ತು ಹೋಗಿ ಬಂದ ಹಾಗಾಯಿತು. ಪಾರಿವಾಳವೊಂದು ರೆಕ್ಕೆ ಬಡಿದರೆ ಹಿಂಡು ಎದ್ದಂತೆ ಕೇಳಿತು.

ಆಮೇಲೆ ಕಿವಿಯ ಹತ್ತಿರವೇ, ಉಸಿರಿನ ಬಿಸಿ ತಾಕುತ್ತದೇನೋ ಅನ್ನುವಷ್ಟು ಹತ್ತಿರ, ಗೋಡೆ ಮಾತಾಡಿತು. 'ರೊಟ್ಟಿ ಆರತಾವ. ಲಗೂ ಇಳಿಯೂಣು ನಡಿ.'

ನನಗೆ ನಗು ತಡೆಯಲಾಗಲಿಲ್ಲ. ಆ ನಗು ಗುಮ್ಮಟವನ್ನೆಲ್ಲ ಸುತ್ತಿ, ಬಂದು, ಮತ್ತೆ ಹೋಗಿ, ಎಣಿಸಿದೆ, ಏಳಾದರೂ ಆಯಿತು.

ಯಾಕೆ ಹೀಗೆ ಅಂತ ಇಳಿಯುವಾಗ ಕೇಳಿದೆ. ಅವಳು ಸೈನ್ಸ್ ಟೀಚರ್ ಅಲ್ವಾ. 'ಸಿದ್ಧೇಶ್ವರ ಜಾತ್ರ್ಯಾಗ ಬಾವಿ ಗ್ವಾಡಿಗುಂಟ ಮೋಟರ್ ಸೈಕಲ್ ಓಡಸ್ತಾರ ನೋಡು, ಕೆಳಗ ಬೀಳಂಗಿಲ್ಲ, ಹಂಗ. ಪಿಸುಮಾತು ದುಂಡನ ಗ್ವಾಡಿ ಹಿಡಕೊಂಡು ಓಡತೈತಿ. ಒದರಿದ್ರ ಮ್ಯಾಲಿಂದ ಬಡಕೊಂಡು, ಕೆಳಗಿಂದ ಬಡಕೊಂಡು, ಎಲ್ಲಾ ಕಲಸಿ ಹೋಗತೈತಿ' ಅಂದಳು. ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ತನ್ನ ಶಾಲೆಯ ಮಕ್ಕಳನ್ನು ಕರೆತಂದಾಗ ಒಂದು ಆಟ ಆಡಿಸುತ್ತಾಳಂತೆ. ಮೊದಲು ಒಂದು ನಿಮಿಷ ಎಲ್ಲರೂ ಸುಮ್ನೆ ಕೂರಬೇಕು. ಆಮೇಲೆ ಒಂದು ಮಗು ಗೋಡೆಗೆ ಮೆಲ್ಲಗೆ ಪ್ರಶ್ನೆ ಕೇಳಬೇಕು. ಎದುರು ಬದಿಯಲ್ಲಿರುವ ಮಗು ಉತ್ತರ ಹೇಳಬೇಕು. 'ಊಟಕ್ಕ ಏನೈತಿ?' ಅಂತ ಒಬ್ಬ ಕೇಳಿದರೆ, ಅಲ್ಲಿಂದ 'ಅನ್ನ ಸಾರು, ನಿನಗಿಲ್ಲ' ಅಂತ ಉತ್ತರ. ಪ್ರವಾಸಕ್ಕೆ ಮಕ್ಕಳನ್ನು ತರುವ ಟೀಚರ್‌ಗಳೇ, ಇದನ್ನು ದಯವಿಟ್ಟು ಕದಿಯಿರಿ. ಅವಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಕ್ಕಳನ್ನು ಹತ್ತು ಹತ್ತು ಜನರಂತೆ ಮೇಲೆ ಬಿಡಿ. ಉಳಿದವರು ಕೆಳಗೆ ನಗಾರಖಾನೆಯಲ್ಲಿರುವ ಮ್ಯೂಸಿಯಂ ನೋಡುತ್ತಿರಲಿ.

ಒಂದು ಪೂರ್ತಿ ದಿನ ಇಲ್ಲದಿದ್ದರೆ ಗುಮ್ಮಟ ಬಿಟ್ಟು ಇಬ್ರಾಹಿಂ ರೋಜಾ, ತಾಜ್ ಬಾವಡಿ ನೋಡಿ ಅಂತಲೇ ಹೇಳುತ್ತೇನೆ. ಬೈದುಕೊಂಡರೂ ಪರವಾಗಿಲ್ಲ. ಒಂದು ರಾತ್ರಿ ಉಳಿಯುವುದಾದರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗುಮ್ಮಟ ಹತ್ತಿ. ಊರಲ್ಲಿ ಗೆಳೆಯರಿದ್ದರೆ ಲಾಡ್ಜ್ ಮಾಡಬೇಡಿ, ಅವರ ಮನೆಗೇ ಹೋಗಿ. ನಾಲ್ಕು ರೊಟ್ಟಿಗೆ ತಯಾರಾಗಿರಿ. ಊರಿನ ಹೆಸರು ಬಿಜಾಪುರವೋ ವಿಜಯಪುರವೋ ಅಂತ ಚರ್ಚೆ ಬಂದರೆ ಎರಡಕ್ಕೂ ತಲೆಯಾಡಿಸಿ. 2014ರಿಂದ ಕಾಗದದಲ್ಲಿ ವಿಜಯಪುರ. ಗೆಳತಿಯ ಅಮ್ಮನ ಬಾಯಲ್ಲಿ ಇನ್ನೂ ಬಿಜಾಪುರ.

ನಾನು ಈ ಡಿಸೆಂಬರಿನಲ್ಲಿ ಮತ್ತೆ ಹೋಗುತ್ತಿದ್ದೇನೆ. ಬೆಳ್ಳಂಬೆಳಿಗ್ಗೆ ಗ್ಯಾಲರಿಯಲ್ಲಿ ಎದುರು ಬದಿಯಲ್ಲಿ ಇಬ್ಬರು ಹೆಂಗಸರು ಗೋಡೆಗೆ ಮುಖ ಮಾಡಿ ಕೂತಿದ್ದರೆ ಅದು ನಾವೇ. ದೂರದಿಂದ ಕರೆಯಬೇಡಿ. ಗೋಡೆಗೆ ಬಾಯಿಟ್ಟು ಮೆಲ್ಲಗೆ ನಮಸ್ಕಾರ ಅನ್ನಿ, ನಮಗೆ ಕೇಳಿಸುತ್ತದೆ.

ಇಂತಿ,
ಮೈಸೂರಿನವಳು